ಬಿರುಕಿನ ಮೇಲೆ ಬರೆದ ತಾರೀಖು

"ದೇವರ ಕೋಣೆ ಬಾಗಿಲು ಹಾಕ್ಕೊಳ್ತಾ ಇಲ್ಲ ಕಣೋ" ಅಂತ ಅಮ್ಮ ಫೋನ್ ಮಾಡಿದಾಗ ನಾನೊಂದು ಮೀಟಿಂಗಿನಲ್ಲಿದ್ದೆ. 2021ರ ಜೂನ್ ಕೊನೆಯ ವಾರ. "ಮಳೆಗಾಲ ಅಲ್ವಾ ಅಮ್ಮ, ಮರ ಉಬ್ಬಿರುತ್ತೆ. ಬಡಗಿ ಕರೆಸಿ ಉಜ್ಜಿಸಿಬಿಡು" ಅಂದೆ. ಮಡಿಕೇರಿಯಲ್ಲಿ ಬೆಳೆದ ಯಾರೇ ಆದರೂ ಇದನ್ನೇ ಹೇಳುತ್ತಿದ್ದರು. ಅಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಾಗಿಲು ಉಬ್ಬುತ್ತೆ, ಉಪ್ಪು ನೀರಾಗುತ್ತೆ, ಬೆಲ್ಟಿಗೆ ಬೂಸ್ಟು ಹಿಡಿಯುತ್ತೆ, ಒಳಚಡ್ಡಿ ಕೂಡ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು.

"ಬಡಗಿ ಬಂದು ಹೋಗಾಯ್ತು. ಎರಡು ಸಲ ಉಜ್ಜಿದ. ಮೂರನೇ ಸಲ, ಬಾಗಿಲು ಸರಿಯಾಗೇ ಇದೆ ಅಮ್ಮ, ಚೌಕಟ್ಟೇ ಓರೆಯಾಗಿದೆ ಅಂದ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಅಪ್ಪ ಏನಂತಾರೆ?"

"ನಿಮ್ಮಪ್ಪ ಏನಂತಾರೆ? ಏನೂ ಆಗಿಲ್ಲ ಅಂತಾರೆ."

ವರ್ಕ್ ಫ್ರಮ್ ಹೋಮ್ ಕಾಲ. ಯಾವ ಹೋಮ್ ಅಂತ ಕಂಪನಿ ಕೇಳುತ್ತಿರಲಿಲ್ಲ. ಜುಲೈ ಎರಡನೇ ವಾರ ಬಟ್ಟೆ, ಲ್ಯಾಪ್‌ಟಾಪ್, ಎರಡು ಕಂಪನಿಯ ಸಿಮ್ ಹಾಕಿಕೊಂಡು ಊರಿಗೆ ಹೊರಟೆ.

ಮನೆಯ ಕಥೆ ಹೇಳಬೇಕು. ಅಪ್ಪ ಪಿರಿಯಾಪಟ್ಟಣದ ಕಡೆಯವರು, ಮೇಷ್ಟ್ರಾಗಿ ಕೊಡಗಿಗೆ ಬಂದು ಇಲ್ಲೇ ಉಳಿದವರು. ಬಯಲುಸೀಮೆಯವರಿಗೆ ಸೈಟು ಅಂದರೆ ಚಪ್ಪಟೆಯಾದ ಜಾಗ. ಮಡಿಕೇರಿಯಲ್ಲಿ ಸೈಟು ಅಂದರೆ ಇಳಿಜಾರು. ಅಪ್ಪನಿಗೆ ಸಿಕ್ಕಿದ್ದೂ ಅದೇ. 1997ರಲ್ಲಿ ಮೇಲಿನ ಬರೆ ಕಡಿದು, ಬಂದ ಮಣ್ಣನ್ನು ಕೆಳಗಡೆಗೆ ಸುರಿದು, ಅದರ ಅಂಚಿಗೊಂದು ಕಲ್ಲಿನ ತಡೆಗೋಡೆ ಕಟ್ಟಿಸಿ, ಅರ್ಧ ಗಟ್ಟಿ ನೆಲ, ಅರ್ಧ ತುಂಬಿದ ನೆಲ ಸೇರಿಸಿ ಒಂದು ಚಪ್ಪಟೆ ಜಾಗ ಮಾಡಿಕೊಂಡರು. ಗುಡ್ಡದ ಊರುಗಳಲ್ಲೆಲ್ಲ ಮಾಡುವುದು ಹೀಗೇ. ಬರೆ ಅಂದರೆ ಕೊಡಗಿನಲ್ಲಿ ಗುಡ್ಡ ಕಡಿದಾಗ ನಿಲ್ಲುವ ಆ ಕೆಂಪು ಗೋಡೆ. ಮಳೆಗಾಲದಲ್ಲಿ ಇಲ್ಲಿನ ಪೇಪರುಗಳಲ್ಲಿ 'ಬರೆ ಕುಸಿತ' ಅನ್ನುವ ಎರಡು ಪದ ಇಲ್ಲದ ದಿನ ಕಡಿಮೆ.

ಮೇಸ್ತ್ರಿ ಆಗಲೇ ಹೇಳಿದ್ದರಂತೆ: "ತುಂಬಿದ ಮಣ್ಣು ಎರಡು ಮಳೆ ಕುಡಿಯಲಿ ಸಾರ್, ಆಮೇಲೆ ಕಟ್ಟೋಣ." ಅಪ್ಪ ಒಂದು ಮಳೆಗೂ ಕಾಯಲಿಲ್ಲ. ಬಾಡಿಗೆ ಮನೆಯವರು ಬಿಡಲು ಹೇಳಿದ್ದರು, ಸಾಲದ ಕಂತು ಶುರುವಾಗಿತ್ತು, ಅಕ್ಕನಿಗೆ ಹತ್ತನೇ ಕ್ಲಾಸು. ಹಜಾರ, ಅಡುಗೆಮನೆ, ಅಪ್ಪ ಅಮ್ಮನ ರೂಮು ಕಡಿದ ಗಟ್ಟಿ ನೆಲದ ಮೇಲೆ ಬಂದವು. ಹಿಂದಿನ ಎರಡು ರೂಮು ತುಂಬಿದ ಮಣ್ಣಿನ ಮೇಲೆ. ಒಂದು ಅಕ್ಕನದು, ಒಂದು ನನ್ನದು. ನಡುವೆ, ಸರಿಯಾಗಿ ಗಟ್ಟಿ ನೆಲ ಮುಗಿದು ಸಡಿಲ ಮಣ್ಣು ಶುರುವಾಗುವ ಗೆರೆಯ ಮೇಲೆ, ದೇವರ ಕೋಣೆ.

ಚಿಕ್ಕವನಿದ್ದಾಗ ನನ್ನ ರೂಮಿನ ಬಾಗಿಲ ಹತ್ತಿರ ಕಿತ್ತಳೆಹಣ್ಣು ಇಟ್ಟರೆ ಅದು ತಾನಾಗಿ ಉರುಳಿ ಕಿಟಕಿ ಗೋಡೆ ತಲುಪುತ್ತಿತ್ತು. ನಾನೂ ಅಕ್ಕನೂ ರೇಸು ಬಿಡುತ್ತಿದ್ದೆವು. ಅಪ್ಪನೂ ನಗುತ್ತಿದ್ದರು. ನೆಲ ಒರೆಸಿದ ನೀರು ಹೊರಗೆ ಹೋಗಲಿ ಅಂತ ವಾಟ ಕೊಟ್ಟಿದ್ದಾರೆ ಅಂತಲೇ ಬಹಳ ವರ್ಷ ನಂಬಿದ್ದೆ.

2018ರ ಆಗಸ್ಟ್ ನಿಮಗೆಲ್ಲ ನೆನಪಿರುತ್ತೆ. ಮಕ್ಕಂದೂರು, ಹೆಬ್ಬೆಟ್ಟಗೇರಿ, ಮುಕ್ಕೋಡ್ಲು, ಜೋಡುಪಾಲ, ಮದೆನಾಡು ಅನ್ನುವ ಹೆಸರುಗಳನ್ನು ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಮೊದಲ ಸಲ ಕೇಳಿದ್ದು ಆಗ. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಜಾರಿ ಬಿದ್ದ ವಿಡಿಯೊ ಎಲ್ಲರ ವಾಟ್ಸ್ಆ್ಯಪ್‌ಗೂ ಬಂದಿತ್ತು. ಆಮೇಲೆ ಬಂದು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು, ಅತಿಯಾದ ಮಳೆಯ ಜೊತೆಗೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಇಳಿಜಾರುಗಳನ್ನು ಬೇಕಾದ ಹಾಗೆ ಕಡಿದದ್ದನ್ನೂ ಕಾರಣ ಅಂದರು. ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಹೊಸ ಮನೆಗಳಾದವು. 2019ರ ಆಗಸ್ಟಿನಲ್ಲಿ ವಿರಾಜಪೇಟೆ ಕಡೆಯ ತೋರ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಅರ್ಚಕರ ಮನೆಯ ಮೇಲೇ ಗುಡ್ಡ ಬಂತು.

ಈ ಮೂರೂ ಆಗಸ್ಟುಗಳಲ್ಲಿ ನಾನು ಮನೆಗೆ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಅಪ್ಪ ಕೊಡುತ್ತಿದ್ದದ್ದೂ ಒಂದೇ ಉತ್ತರ: "ನಮ್ಮ ಕಡೆ ಏನೂ ಇಲ್ಲ."

ಬಂದ ಮಾರನೆಯ ದಿನ ನಾನು ಯೂಟ್ಯೂಬ್ ನೋಡಿ ತಯಾರಾದ ತಜ್ಞನಂತೆ ಟಾರ್ಚ್ ಹಿಡಿದು ಮನೆ ಸುತ್ತಿದೆ. ದೇವರ ಕೋಣೆಯ ಬಾಗಿಲ ಮೇಲ್ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಹೋಗಿತ್ತು. ನನ್ನ ರೂಮಿನಲ್ಲಿ ಗೋಡೆಗೂ ಕೆಂಪು ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು. ನೆಲವನ್ನು ಗುದ್ದಿದರೆ ಕೆಲವು ಕಡೆ 'ಟಣ್' ಬದಲು 'ಡಬ್' ಅನ್ನುವ ಸದ್ದು. ಕಾಂಕ್ರೀಟಿನ ಕೆಳಗಿನ ಮಣ್ಣು ಇಳಿದು ಟೊಳ್ಳಾಗಿದೆ ಅಂತ ಅರ್ಥ.

ಆ ಓರೆ ಬಿರುಕು ಹಜಾರದ ಕಡೆಗೂ ಬಂದಿರಬೇಕಲ್ಲ ಅಂತ ನೋಡಿದರೆ ಅಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಎತ್ತಿದೆ. ಬಿರುಕಿತ್ತು. ಅದಕ್ಕೆ ಅಡ್ಡಲಾಗಿ ಪೆನ್ಸಿಲಿನಲ್ಲಿ ಎಳೆದ ಪುಟ್ಟ ಪುಟ್ಟ ಗೆರೆಗಳಿದ್ದವು. ಪ್ರತಿ ಗೆರೆಯ ಪಕ್ಕ, ನನಗೆ ಎಲ್ಲಿದ್ದರೂ ಗುರುತು ಸಿಗುವ ದುಂಡನೆಯ ಅಕ್ಷರದಲ್ಲಿ ತಾರೀಖು. 18-8-18. 10-8-19. 7-8-20. 2-7-21. ಕೊನೆಕೊನೆಯ ಗೆರೆಗಳ ಪಕ್ಕ ಮಿಲಿಮೀಟರ್ ಲೆಕ್ಕವೂ ಇತ್ತು. ಮೂವತ್ತು ವರ್ಷ ಮಕ್ಕಳಿಗೆ ಹಾಜರಿ ಹಾಕಿದ ಮನುಷ್ಯ ಮೂರು ವರ್ಷದಿಂದ ಬಿರುಕಿಗೆ ಹಾಜರಿ ಹಾಕುತ್ತಿದ್ದರು. ಅಮ್ಮನಿಗೆ ಗೊತ್ತಿರಲಿಲ್ಲ. ವರ್ಷ ಬದಲಾದಾಗಲೆಲ್ಲ ಹೊಸ ಕ್ಯಾಲೆಂಡರನ್ನು ಅವರೇ ನೇತುಹಾಕುತ್ತಿದ್ದರಂತೆ. ಅದೊಂದು ಕೆಲಸ ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ ಅಂತ ಅಮ್ಮನಿಗೆ ಆಮೇಲೆ ನೆನಪಾಯಿತು.

"ಯಾಕಪ್ಪ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ಏನ್ ಮಾಡ್ತಿದ್ದೆ? ಕಾರು ತಂದು ಇಬ್ಬರನ್ನೂ ಕೂರಿಸ್ಕೊಂಡು ಹೋಗ್ತಿದ್ದೆ. ಏಳನೇ ಮಹಡಿಗೆ."

ಹೌದು, ಹಾಗೇ ಮಾಡುತ್ತಿದ್ದೆ. ಅದಕ್ಕೆ ಉತ್ತರ ಕೊಡಲಿಲ್ಲ.

ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಈಗ ಖಾಸಗಿಯಾಗಿ ಮನೆಗಳನ್ನು ನೋಡಿಕೊಡುವವರು. ಬಂದವರೇ ಅಪ್ಪನ ಕಾಲು ಮುಟ್ಟಿದರು. ಏಳನೇ ಕ್ಲಾಸಿನಲ್ಲಿ ಅಪ್ಪನ ಹತ್ತಿರ ಗಣಿತ ಕಲಿತವರಂತೆ. ನನಗೆ ಸಮಾಧಾನವೂ ಆಯಿತು, ಭಯವೂ ಆಯಿತು. ಮೇಷ್ಟ್ರ ಮುಂದೆ ಶಿಷ್ಯ ನಿಜ ಹೇಳುತ್ತಾನಾ?

ಅವರು ಒಳಗೇ ಬರಲಿಲ್ಲ. ಕೊಡೆ ಹಿಡಿದು ಮುಕ್ಕಾಲು ಗಂಟೆ ಹೊರಗೇ ಸುತ್ತಿದರು. "ಮನೆ ನೋಡೋಕ್ಕೆ ಮೊದಲು ನೀರು ನೋಡ್ಬೇಕು. ಮಳೆ ಬರುವಾಗ್ಲೇ ನೋಡ್ಬೇಕು. ಬೇಸಿಗೆಯಲ್ಲಿ ಎಲ್ಲಾ ಮನೆಯೂ ಚೆನ್ನಾಗಿರುತ್ತೆ" ಅಂದರು. ಹೆಂಚಿನ ನೀರು ಎಲ್ಲಿ ಬೀಳುತ್ತೆ, ಬಚ್ಚಲಿನ ಪೈಪು ಎಲ್ಲಿಗೆ ಹೋಗುತ್ತೆ, ಬರೆಯ ಮೇಲಿನಿಂದ ಬರುವ ನೀರಿಗೆ ಚರಂಡಿ ಇದೆಯಾ, ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳಿವೆಯಾ. ಗೋಡೆಯಲ್ಲಿ ತೂತುಗಳಿದ್ದವು. ಎಲ್ಲದರಲ್ಲೂ ಮಣ್ಣು ತುಂಬಿ ಜರೀಗಿಡ ಬೆಳೆದಿತ್ತು. ಹೊರಗೆ ಬರಬೇಕಾದ ನೀರು ಗೋಡೆಯ ಹಿಂದೆ ನಿಂತು ಗೋಡೆಯನ್ನೇ ದೂಡುತ್ತಿತ್ತು.

ಹಿತ್ತಿಲ ಮೂಲೆಗೆ ಬಂದಾಗ ಅವರು ನಿಂತರು. ಅಲ್ಲೊಂದು ಸಿಮೆಂಟ್ ಮುಚ್ಚಳ. ಎತ್ತಿಸಿ ನೋಡಿದರು. ಆಳದಲ್ಲಿ ನೀರು. ಅರ್ಧ ಚಾವಣಿಯ ಮಳೆನೀರು ಪೈಪಿನಲ್ಲಿ ಬಂದು ಅದರೊಳಗೆ ಬೀಳುತ್ತಿತ್ತು.

"ಇಂಗುಗುಂಡಿ. ಇದು ಯಾರ ಐಡಿಯಾ ಸಾರ್?"

ನಾನು ಬಾಯಿ ತೆಗೆಯುವ ಮೊದಲೇ ಅಪ್ಪ ಅಂದರು: "ನಂದೇ ಕಣಯ್ಯ. ಪೇಪರಲ್ಲಿ ಓದಿದ್ದೆ."

ಅದು ಅಪ್ಪನ ಐಡಿಯಾ ಆಗಿರಲಿಲ್ಲ. ಬೆಂಗಳೂರು ಜಲಮಂಡಳಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದು 2009ರಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸತು. ವೀಕೆಂಡಿನಲ್ಲಿ ಕೆರೆ ಉಳಿಸುವ ಗುಂಪಿನ ಜೊತೆ ಓಡಾಡುತ್ತಿದ್ದೆ, ನೀರಿನ ಬಗ್ಗೆ ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. 2012ರ ರಜೆಯಲ್ಲಿ ಊರಿಗೆ ಬಂದವನು, "ಇಷ್ಟು ಮಳೆ ಬಂದೂ ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತಲ್ಲಪ್ಪ" ಅಂತ ಹಟ ಹಿಡಿದು, ನಾನೇ ನಿಂತು ಗುಂಡಿ ತೋಡಿಸಿದ್ದೆ. ದುಡ್ಡೂ ನಾನೇ ಕೊಟ್ಟಿದ್ದೆ. ನನ್ನ ಸಂಬಳದ ಮೊದಮೊದಲ ವರ್ಷಗಳ ಹೆಮ್ಮೆ ಅದು. ಫೇಸ್‌ಬುಕ್ಕಿನಲ್ಲಿ ಫೋಟೊ ಕೂಡ ಹಾಕಿದ್ದೆ.

ಎಂಜಿನಿಯರ್ ಬೈಯಲಿಲ್ಲ. ಪಾಠ ಮಾಡಿದರು. ಬಯಲಿನಲ್ಲಿ ಇಂಗುಗುಂಡಿ ಒಳ್ಳೆಯದು, ನೀರು ನೇರ ಕೆಳಗೆ ಹೋಗುತ್ತೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸಾವಿರ ಮಿ.ಮೀ. ಆಸುಪಾಸು. ಮಡಿಕೇರಿಗೆ ಮೂರು ಸಾವಿರಕ್ಕೂ ಹೆಚ್ಚು, ಅದರಲ್ಲೂ ಬಹುಪಾಲು ಮೂರ್ನಾಲ್ಕು ತಿಂಗಳಲ್ಲಿ. ಇಳಿಜಾರಿನಲ್ಲಿ, ಅದರಲ್ಲೂ ತುಂಬಿದ ಮಣ್ಣಿನ ನೆತ್ತಿಯಲ್ಲಿ ಗುಂಡಿ ತೋಡಿ ನೀರು ಕುಡಿಸಿದರೆ ಆ ನೀರು ಹೋಗುವುದು ಮನೆಯ ಅಡಿಗೆ. ಸ್ವಲ್ಪ ಒದ್ದೆ ಇರುವ ಮರಳಿನಲ್ಲಿ ಮಕ್ಕಳು ಗುಬ್ಬಚ್ಚಿ ಗೂಡು ಕಟ್ಟುತ್ತಾರೆ, ನಿಲ್ಲುತ್ತೆ. ಅದರ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಸಂದಿಗಳೆಲ್ಲ ನೀರು ತುಂಬಿದಾಗ ಆ ನೀರೇ ಕಣಗಳನ್ನು ದೂರ ದೂಡುತ್ತೆ, ಹಿಡಿತ ಬಿಡುತ್ತೆ, ಮೇಲಿಂದ ನೀರಿನ ತೂಕ ಬೇರೆ.

ನಾನು ಸುಮ್ಮನೆ ಕೇಳಿದೆ. ಅಪ್ಪ ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಒಳಗೆ ಬಂದರು. ಇಲ್ಲಿಂದ ಮುಂದಿನದು ಮನೆ ಇರುವ, ಮನೆ ಕೊಳ್ಳುವ ಎಲ್ಲರಿಗೂ ಉಪಯೋಗ ಆಗಬಹುದು, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಎಲ್ಲಾ ಬಿರುಕೂ ಒಂದೇ ಅಲ್ಲ. ಗೋಡೆಯ ತುಂಬ ಜೇಡರ ಬಲೆಯಂತೆ ಕೂದಲೆಳೆಯ ಬಿರುಕುಗಳಿದ್ದರೆ ಅದು ಗಾರೆ ಒಣಗುವಾಗ ಕುಗ್ಗಿದ್ದು, ಬಣ್ಣದವರ ಕೆಲಸ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ, ಅಥವಾ ಇಟ್ಟಿಗೆ ಸಾಲಿನ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಹೋದರೆ ತಳಪಾಯದ ಕಡೆ ನೋಡಬೇಕು. ಗೋಡೆಯ ಎರಡೂ ಕಡೆ ಕಂಡರೆ ಅದು ಗಾರೆಯ ಬಿರುಕಲ್ಲ, ಗೋಡೆಯ ಬಿರುಕು. ಅಗಲ 5 ಮಿ.ಮೀ. ದಾಟಿದರೆ ತೇಪೆ ಹಾಕುವ ಮಾತು ಬಿಡಬೇಕು. ನಮ್ಮದು ಮೇಲೆ ಅಗಲ, ಕೆಳಗೆ ಸಣ್ಣ. ಮನೆಯ ಒಂದು ತುದಿ ಕೆಳಗೆ ಬಾಗುತ್ತಿದ್ದರೆ ಬಿರುಕು ಬಿಡುವುದು ಹಾಗೆ. ರೊಟ್ಟಿಯನ್ನು ಮೇಜಿನ ಅಂಚಿಗಿಟ್ಟು ತುದಿ ಒತ್ತಿದರೆ ಮೇಲ್ಭಾಗ ತಾನೇ ಮೊದಲು ಸೀಳುವುದು?

ಅವರ ಹತ್ತಿರ ಲೇಸರ್ ಯಂತ್ರ ಏನೂ ಇರಲಿಲ್ಲ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಳಗೆ ನೀರು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತಲ್ಲ, ಅದೇ ಲೆಕ್ಕ. ನಾನೊಂದು ತುದಿ, ಅವರೊಂದು ತುದಿ ಹಿಡಿದು ಇಡೀ ಮನೆಗೆ ಒಂದೇ ಎತ್ತರದ ಗುರುತು ಹಾಕಿದೆವು. ಆಮೇಲೆ ಆ ಗುರುತಿನಿಂದ ನೆಲಕ್ಕೆ ಟೇಪು ಹಿಡಿದರೆ ಬಣ್ಣ ಬಯಲು. ಮುಂದಿನ ಭಾಗದಲ್ಲೆಲ್ಲ ವ್ಯತ್ಯಾಸ ಮೂರು ಮಿಲಿಮೀಟರಿನ ಒಳಗೆ. ದೇವರ ಕೋಣೆಯಿಂದ ನನ್ನ ರೂಮಿನ ಕಿಟಕಿ ಗೋಡೆವರೆಗೆ ಐದೂವರೆ ಮೀಟರ್. ಅಷ್ಟರಲ್ಲಿ 41 ಮಿ.ಮೀ. ಇಳಿದಿತ್ತು.

"ಸಾರ್, ನೀವೇ ಭಾಗಿಸಿ" ಅಂದರು.

ಅಪ್ಪ ಬಾಯಲ್ಲೇ ಲೆಕ್ಕ ಹಾಕಿದರು. "ನೂರಾ ಮೂವತ್ತನಾಲ್ಕಕ್ಕೆ ಒಂದು."

ರೂಢಿಯ ಲೆಕ್ಕ ಏನು ಅಂದರೆ, ತಳಪಾಯ 300 ಅಡಿಗೆ 1 ಅಡಿಯ ಪ್ರಮಾಣದಲ್ಲಿ ವಾಲಿದರೆ ಗೋಡೆಗಳು ಬಿರುಕು ಬಿಡಲು ಶುರು. 150ಕ್ಕೆ 1 ದಾಟಿದರೆ ಕಟ್ಟಡದ ಮೈಮೂಳೆಗೇ ಪೆಟ್ಟು. ಅದನ್ನು ಎಂಜಿನಿಯರ್ ಮೆಲ್ಲಗೆ ಹೇಳಿದರು. ಶಿಷ್ಯ ನಿಜ ಹೇಳಿದ. ಮೇಷ್ಟ್ರ ಬಾಯಿಂದಲೇ ಉತ್ತರ ಹೊರಡಿಸಿ ಹೇಳಿದ.

"ಆದ್ರೆ ಇಳಿದು ನಿಂತಿದೆಯೋ, ಇನ್ನೂ ಇಳೀತಾ ಇದೆಯೋ, ಅದು ಮುಖ್ಯ. ನಿಂತ ಮನೆ ಓರೆಯಾಗಿದ್ರೂ ನೂರು ವರ್ಷ ಇರುತ್ತೆ." ಒಡೆದ ಕಿಟಕಿಯ ಗಾಜಿನಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ, ಬಿರುಕಿನ ಮೇಲೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಸಿಮೆಂಟಿನ ಉಂಡೆ ಮೆತ್ತಿದರು. ಗೋಡೆ ಬಣ್ಣದಂತೆ ಗಾಜು ಹಿಗ್ಗುವುದಿಲ್ಲ. ಕೂದಲಷ್ಟು ಅಲುಗಿದರೂ ಸೀಳಿಬಿಡುತ್ತೆ. ಮೂರು ಕಡೆ ಗಾಜು ಹಾಕಿದೆವು. ಪಕ್ಕದಲ್ಲಿ ತಾರೀಖು ಬರೆಯಲು ಅಪ್ಪನ ಕೈಗೇ ಪೆನ್ಸಿಲ್ ಕೊಟ್ಟರು.

ಹೋಗುವಾಗ ಎಂಜಿನಿಯರ್ ಕೊಟ್ಟ ಆದೇಶ: ಇಂಗುಗುಂಡಿಗೆ ಹೋಗುವ ಪೈಪನ್ನು ಇವತ್ತೇ ಕಿತ್ತು ಚರಂಡಿಗೆ ತಿರುಗಿಸಿ, ತಡೆಗೋಡೆಯ ತೂತುಗಳನ್ನು ಸರಳು ಹಾಕಿ ಬಿಡಿಸಿ, ಹಿಂದಿನ ರೂಮುಗಳಲ್ಲಿ ಯಾರೂ ಮಲಗಬೇಡಿ, ಜೋರು ಮಳೆಯ ರಾತ್ರಿ ಈ ಮನೆಯಲ್ಲೇ ಇರಬೇಡಿ. "ಮಿಕ್ಕಿದ್ದು ತುಲಾ ಸಂಕ್ರಮಣ ಕಳೆದ ಮೇಲೆ. ಒದ್ದೆ ಮಣ್ಣನ್ನ ಮುಟ್ಟಬಾರದು."

ನಾನು ಸುಮ್ಮನಿರುವ ಜಾತಿ ಅಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಕುಸಿದ ಕಾಂಕ್ರೀಟ್ ನೆಲವನ್ನು ಎತ್ತಿಕೊಡುವ ಕಂಪನಿಯೊಂದಕ್ಕೆ ಫೋನ್ ಮಾಡಿದೆ. ವಿಡಿಯೊ ನೋಡಿದರೆ ಮ್ಯಾಜಿಕ್. ನೆಲದಲ್ಲಿ ಬೆರಳಗಲದ ತೂತು ಕೊರೆದು, ಎರಡು ದ್ರವ ಬೆರೆಸಿ ಒಳಗೆ ಬಿಡುತ್ತಾರೆ. ಅದು ಸೆಕೆಂಡುಗಳಲ್ಲಿ ನೊರೆಯಾಗಿ ಉಬ್ಬಿ, ಟೊಳ್ಳು ತುಂಬಿ, ಇಡೀ ಕಾಂಕ್ರೀಟ್ ಹಾಸನ್ನು ಮೇಲೆತ್ತಿ, ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತೆ. ಹಳೆಯ ವಿಧಾನದಲ್ಲಿ ಇದೇ ಕೆಲಸಕ್ಕೆ ದೊಡ್ಡ ತೂತು ಕೊರೆದು ಮಣ್ಣು, ಸಿಮೆಂಟಿನ ಗಂಜಿಯನ್ನು ಪಂಪ್ ಮಾಡುತ್ತಿದ್ದರು. ಬೆಲೆ ಎರಡೂವರೆ ಲಕ್ಷ, ಎರಡು ದಿನದ ಕೆಲಸ, ಫೋಟೊ ನೋಡಿಯೇ ಕೊಟೇಶನ್. ನನಗೆ ಬೇಕಾಗಿದ್ದೂ ಅದೇ: ಕಾರ್ಡ್ ಉಜ್ಜಿದರೆ ಮುಗಿಯುವ ಪಶ್ಚಾತ್ತಾಪ.

ಎಂಜಿನಿಯರಿಗೆ ಹೇಳಿದೆ. ನಗಲಿಲ್ಲ. "ಒಳ್ಳೇ ವಿಧಾನವೇ. ಗೋಡೌನಿನ ನೆಲ, ಕಾರು ನಿಲ್ಲಿಸೋ ಜಾಗ ಇಳಿದಿದ್ರೆ ಹಾಕಿಸಿ. ಆದ್ರೆ ಅದು ಎತ್ತೋದು ನೆಲವನ್ನ. ನೆಲದ ಕೆಳಗಿನ ಗುಡ್ಡ ಜರೀತಾ ಇದ್ರೆ? ಜಾರೋ ಚಾಪೆ ಮೇಲೆ ಕುರ್ಚಿ ಕಾಲಿಗೆ ರಟ್ಟು ಕೊಟ್ಟ ಹಾಗೆ."

ಅವರೇ ಪೀಸಾದ ಗೋಪುರದ ಕಥೆ ಹೇಳಿದ್ದು. 1173ರಲ್ಲಿ ಶುರುವಾದ ಕಟ್ಟಡ, ಮೂರೇ ಮೀಟರ್ ತಳಪಾಯ, ಅಡಿಗೆ ಮೆತ್ತನೆ ಜೇಡಿ. ಮೂರನೇ ಅಂತಸ್ತಿಗೆ ಬರುವಾಗಲೇ ವಾಲಿತು. 1990ರಲ್ಲಿ ಜನರನ್ನು ಬಿಡುವುದನ್ನೇ ನಿಲ್ಲಿಸಿದರು. ಕೊನೆಗೆ ಸರಿಮಾಡಿದ್ದು ಹೇಗೆ? ಇಳಿದ ಕಡೆ ಎತ್ತಲಿಲ್ಲ. ಎತ್ತರ ಇದ್ದ ಕಡೆಯ ಅಡಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಗೋಪುರ ತಾನಾಗಿ 40 ಸೆಂ.ಮೀ.ಗೂ ಹೆಚ್ಚು ಹಿಂದೆ ಬಂತು. 2001ರಲ್ಲಿ ಮತ್ತೆ ಬಾಗಿಲು ತೆರೆಯಿತು. ಪೂರ್ತಿ ನೆಟ್ಟಗೆ ಮಾಡಲಿಲ್ಲ, ಬೀಳದಷ್ಟು ಮಾಡಿದರು, ಅಷ್ಟೇ. "ಅಲ್ಲಿ ಹನ್ನೊಂದು ವರ್ಷ ತಗೊಂಡ್ರು. ನೀವು ಹನ್ನೊಂದು ವಾರ ಕಾಯಿರಿ" ಅಂದರು.

ಕಾದೆವು. ಬೆಳಿಗ್ಗೆ ಎದ್ದ ತಕ್ಷಣ ಅಪ್ಪನೂ ನಾನೂ ಬೇರೆ ಬೇರೆಯಾಗಿ ಹೋಗಿ ಗಾಜು ನೋಡುತ್ತಿದ್ದೆವು. ನಾನು ಹೋದಾಗ ಅವರು ಬಂದರೆ ನೀರು ಕುಡಿಯಲು ಬಂದವನಂತೆ ಅಡುಗೆಮನೆಗೆ ಹೋಗುತ್ತಿದ್ದೆ. ಜುಲೈ ಕೊನೆಯಲ್ಲಿ ಮೂರು ದಿನ ಬಿಡದೆ ಸುರಿಯಿತು. ಆ ರಾತ್ರಿಗಳನ್ನು ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಹಜಾರದಲ್ಲಿ ಕಳೆದೆವು. ಅಮ್ಮ ತಂದಿದ್ದು ದೇವರ ಫೋಟೊ, ಮನೆ ಪತ್ರ, ಬಿಪಿ ಮಾತ್ರೆ. ಅಪ್ಪ ಒಂದು ಪೆನ್ಸಿಲ್ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಆಗಸ್ಟ್ 3, ಕಕ್ಕಡ ಹದಿನೆಂಟು. ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಇಷ್ಟು ವರ್ಷದಲ್ಲಿ ನಮ್ಮ ಮನೆಗೂ ಆ ಪದ್ಧತಿ ಅಂಟಿಕೊಂಡಿದೆ. ನೇರಳೆ ಬಣ್ಣದ ಪಾಯಸದ ಬಟ್ಟಲು ಹಿಡಿದು ಹಿಂದಿನ ರೂಮಿಗೆ ಹೋದೆ. ದೇವರ ಕೋಣೆಯ ಗಾಜು ಸೀಳಿತ್ತು. ಕಿಟಕಿ ಪಕ್ಕದ್ದು ಎರಡು ತುಂಡಾಗಿ ಒಂದು ತುಂಡು ನೆಲಕ್ಕೆ ಬಿದ್ದಿತ್ತು. ಹಜಾರದ, ಅಂದರೆ ಮುಂದಿನ ಭಾಗದ ಗಾಜು ಹಾಗೇ ಇತ್ತು. ಅಪ್ಪ ಆಗಲೇ ನೋಡಿದ್ದರು. ಪಕ್ಕದಲ್ಲಿ ಬರೆದಿತ್ತು: 3-8-21, ಬೆ. 6-10.

ತುಲಾ ಸಂಕ್ರಮಣ ಆಗಿ, ಪುತ್ತರಿಯೂ ಕಳೆದು, ಮಣ್ಣು ಒಣಗಿದ ಮೇಲೆ ಹಿತ್ತಿಲಲ್ಲಿ ಗುಂಡಿ ತೆಗೆದು ನೋಡಿದರು. ನಾಲ್ಕಡಿ ಸಡಿಲ ಮಣ್ಣು. ಎಂಟಡಿಗೆ ಒಂದು ಮರದ ಬೊಡ್ಡೆ ಸಿಕ್ಕಿತು. ಅರ್ಧ ಕೊಳೆತು ಪುಡಿಯಾಗಿತ್ತು. 1997ರಲ್ಲಿ ಗಿಡ ಕಡಿದು ಅದರ ಮೇಲೇ ಮಣ್ಣು ಸುರಿದಿದ್ದರು. ಒಳಗೆ ಮರ ಕೊಳೆತಷ್ಟೂ ಮೇಲೆ ಮನೆ ಇಳಿಯುತ್ತೆ. ಗಟ್ಟಿ ನೆಲ ಸಿಕ್ಕಿದ್ದು ಹದಿನಾಲ್ಕಡಿಗೆ.

ಹಳೆಯ ತಳಪಾಯದ ಕೆಳಗೆ ಹೊಸ ತಳಪಾಯ ಕೊಡುವ ವಿಧಾನ ಇದೆ. ಗೋಡೆಯ ಅಡಿಯಲ್ಲಿ ಒಂದೊಂದೇ ಮೀಟರಿನಷ್ಟು, ಒಂದು ಬಿಟ್ಟು ಒಂದು, ಗುಂಡಿ ತೆಗೆದು ಕಾಂಕ್ರೀಟ್ ತುಂಬುತ್ತಾ ಗಟ್ಟಿ ನೆಲದವರೆಗೆ ಕಾಲು ಊರಿಸುವುದು. ಒಟ್ಟಿಗೆ ಅಗೆದರೆ ಗೋಡೆ ಬೀಳುತ್ತೆ. ಆರಡಿ ಇದ್ದಿದ್ದರೆ ಎಂಜಿನಿಯರ್ ಅದನ್ನೇ ಹೇಳುತ್ತಿದ್ದರಂತೆ. ಹದಿನಾಲ್ಕಡಿ, ಅದೂ ಇಳಿಜಾರಿನ ಅಂಚಿನಲ್ಲಿ, ಅಗೆಯುವವರ ಜೀವಕ್ಕೇ ಅಪಾಯ. ಖರ್ಚು ಹೊಸ ಮನೆಯಷ್ಟೇ.

"ಹಿಂದಿನ ಎರಡು ರೂಮು ಬಿಟ್ಟುಬಿಡಿ ಸಾರ್. ಅದು ಬೇರೆ ಮಾಡು, ಬೇರೆ ಹೆಂಚು. ಕಳಚಿದ್ರೆ ಮುಂದಿನ ಮನೆಗೆ ಏನೂ ಆಗಲ್ಲ. ತೂಕ ಕಡಿಮೆಯಾದ್ರೆ ತಡೆಗೋಡೆಗೂ ಉಸಿರು ಬರುತ್ತೆ. ನಿಮ್ಮಿಬ್ಬರಿಗೆ ಮುಂದಿನ ಭಾಗ ಸಾಕು."

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನು ನೋಡಿ, "ನಿನ್ನ ರೂಮು" ಅಂದರು.

"ಅಲ್ಲಿ ಇರೋದು ಇಂಜಿನಿಯರಿಂಗ್ ಪುಸ್ತಕ, ಗೆದ್ದಲು ಹಿಡಿದಿದೆ. ಹೋಗ್ಲಿ ಬಿಡಪ್ಪ" ಅಂದೆ. ಗಂಟಲು ಕಟ್ಟಿದ್ದು ಧೂಳಿಗೆ ಅಂತ ಅಮ್ಮನಿಗೆ ಹೇಳಿದೆ.

2022ರ ಜನವರಿಯಲ್ಲಿ ಕಳಚಿದರು. ಹೆಂಚು, ರೀಪು, ಕಿಟಕಿ ಜೋಪಾನವಾಗಿ ಇಳಿಸಿದರು. ಆಮೇಲೆ ಗೋಡೆ. ಕೊನೆಗೆ ಕೆಂಪು ನೆಲ. ಕಾಂಕ್ರೀಟ್ ಒಡೆದಾಗ ಅದರ ಕೆಳಗೆ ಒಂದು ಗೇಣು ಖಾಲಿ ಜಾಗ. ನಾವು ಕಿತ್ತಳೆ ಉರುಳಿಸಿದ ನೆಲ ಎಷ್ಟೋ ವರ್ಷದಿಂದ ಗಾಳಿಯ ಮೇಲೆ ನಿಂತಿತ್ತು. ತುಂಬಿದ ಮಣ್ಣಿನಲ್ಲಿ ಮೇಲಿನ ನಾಲ್ಕಡಿ ತೆಗೆಸಿ ಇಳಿಜಾರು ಮಾಡಿದರು. ಇಂಗುಗುಂಡಿ ಮುಚ್ಚಿದರು. ಬರೆಯ ನೆತ್ತಿಯಲ್ಲಿ ಒಂದು ಚರಂಡಿ, ಮನೆ ಸುತ್ತ ಒಂದು ಚರಂಡಿ, ಎರಡೂ ಸಿಮೆಂಟಿನವು, ಎರಡೂ ಮನೆಯಿಂದ ದೂರ ಹೋಗಿ ತೋಡು ಸೇರುವಂಥವು. ಒಟ್ಟು ಖರ್ಚು ಆ ನೊರೆಯ ಕೊಟೇಶನ್ನಿಗಿಂತ ಸ್ವಲ್ಪ ಹೆಚ್ಚು.

ಗುಂಡಿ ಮುಚ್ಚುವ ದಿನ ಅಪ್ಪನಿಗೆ ಕೇಳಿದೆ: "ಅವತ್ತು ಯಾಕೆ ನಿಂದು ಅಂದೆ?"

"ನೀನು ಒಂದು ಗುಂಡಿ ತೋಡಿದೆ. ನಾನು ಎರಡು ಮಳೆ ಕಾಯಲಿಲ್ಲ. ಲೆಕ್ಕ ಹಾಕಿದ್ರೆ ನಂದೇ ಜಾಸ್ತಿ."

ಗಣಿತದ ಮೇಷ್ಟ್ರು. ವಾದ ಮಾಡಲಿಲ್ಲ.

ಈಗ ನಿಮಗೆ ಒಂದು ಮಾತು. ನಿಮ್ಮಲ್ಲಿ ಎಷ್ಟೋ ಜನ ಕೊಡಗಿನಲ್ಲೊಂದು ಪುಟ್ಟ ಜಾಗ, ಬೆಟ್ಟದ ಅಂಚಿಗೊಂದು ಮನೆ, ಬಾಲ್ಕನಿಯಿಂದ ಮಂಜು ಅಂತ ಕನಸು ಕಾಣುತ್ತಿರಬಹುದು. ಬ್ರೋಕರ್ ಜಾಗ ತೋರಿಸುವುದು ಫೆಬ್ರವರಿಯಲ್ಲಿ. ನೀವು ಜುಲೈನಲ್ಲಿ ಇನ್ನೊಂದು ಸಲ ಹೋಗಿ. ಚಪ್ಪಟೆಯಾಗಿ ಕಂಡರೆ, ಇದು ಕಡಿದದ್ದಾ, ತುಂಬಿದ್ದಾ ಅಂತ ಕೇಳಿ. ಪಕ್ಕದ ಮರಗಳು ಬುಡದಲ್ಲಿ ಬಾಗಿ ಆಮೇಲೆ ನೆಟ್ಟಗಾಗಿದ್ದರೆ ಅಲ್ಲಿನ ಮಣ್ಣು ಮೆಲ್ಲಗೆ ನಡೆಯುತ್ತಿರಬಹುದು. ವ್ಯೂ ಚೆನ್ನಾಗಿರುವುದು ಅಂಚಿನಲ್ಲೇ, ಆದರೆ ಮಣ್ಣು ಸಡಿಲವಾಗಿರುವುದೂ ಅಂಚಿನಲ್ಲೇ. ಈಗಾಗಲೇ ಮನೆ ಇದ್ದವರು ವರ್ಷಕ್ಕೊಮ್ಮೆ, ಮಳೆ ಬರುವಾಗ, ಕೊಡೆ ಹಿಡಿದು ಒಂದು ಸುತ್ತು ಬನ್ನಿ. ಚರಂಡಿ ಕಟ್ಟಿದೆಯಾ, ಬಾಗಿಲು ಹಿಡಿಯುತ್ತಾ, ಬಿರುಕು ಬೆಳೆದಿದೆಯಾ. ಒಂದು ಪೆನ್ಸಿಲ್, ಒಂದು ಚೂರು ಗಾಜು, ಎರಡು ಉಂಡೆ ಸಿಮೆಂಟು ಸಾಕು. ಮತ್ತೆ, ಊರಿಂದ ಊರಿಗೆ ಉಪದೇಶ ಒಯ್ಯುವ ಮೊದಲು ಅಲ್ಲಿನ ಮಳೆ, ಮಣ್ಣು ಕೇಳಿಕೊಳ್ಳಿ. ಇದನ್ನು ಮಾತ್ರ ಅನುಭವದಿಂದ ಹೇಳುತ್ತಿದ್ದೇನೆ.

2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ಒಂದೆರಡು ಸಲ ನಡುಗಿತು. ಜುಲೈನಲ್ಲಿ ಮಡಿಕೇರಿಯ ಜಿಲ್ಲಾಡಳಿತ ಭವನದ ಎತ್ತರದ ತಡೆಗೋಡೆಯೇ ಉಬ್ಬಿಕೊಂಡು ಊರೆಲ್ಲ ಅದರದ್ದೇ ಮಾತು. ನಾನು ಬೆಂಗಳೂರಿನಿಂದ ಫೋನ್ ಮಾಡಿದೆ. ಈ ಸಲ "ನಮ್ಮ ಕಡೆ ಏನೂ ಇಲ್ಲ" ಅನ್ನಲಿಲ್ಲ ಅಪ್ಪ.

"ತಡಿ, ನೋಡ್ಕೊಂಡು ಬಂದು ಹೇಳ್ತೀನಿ" ಅಂದರು. ಚಪ್ಪಲಿಯ ಸದ್ದು, ಕ್ಯಾಲೆಂಡರ್ ಗೋಡೆಗೆ ತಾಗಿದ ಸದ್ದು. ಈಗ ಕ್ಯಾಲೆಂಡರ್ ಪಕ್ಕದ ಗೋಡೆಗೆ ಹೋಗಿದೆ, ಗಾಳಿಗೆ ಹಾರುತ್ತೆ ಅಷ್ಟೇ. ಅರ್ಧ ನಿಮಿಷದ ನಂತರ ಮತ್ತೆ ಬಂದರು.

"ಗಾಜು ಇದೆ. ಸೀಳಿಲ್ಲ. ತಾರೀಖು ಹಾಕ್ದೆ."

ಹಿಂದೆ ಅಮ್ಮನ ದನಿ: "ಬಾಗಿಲೂ ಹಾಕ್ಕೊಳ್ತಿದೆ ಅಂತ ಹೇಳ್ರೀ."